ಕೋಲ್ಮನ್ಸ್‌ಕೋಪ್‌ನಲ್ಲಿ ಸಂಜೆಯ ಚಿತ್ರೀಕರಣ

ನಮೀಬಿಯಾದ ಪಾಳುಬಿದ್ದ ಊರಾದ ಕೋಲ್ಮನ್ಸ್‌ಕೋಪ್‌ಗೆ ಚಿತ್ರ ತೆಗೆಯಲು ಹೋದಾಗ ಮಧ್ಯಾಹ್ನದ ನಂತರ ಒಳಗೆ ಬಿಡಲಿಲ್ಲ, ಏಕೆ ಎಂದು ನೀವು ಕೇಳಿದ್ದೀರಿ. ಅದಕ್ಕೆ, ನಿಮ್ಮ ಕೈಯಲ್ಲಿ ಸಾಮಾನ್ಯ ಪ್ರವೇಶಪತ್ರವಷ್ಟೇ ಇದ್ದುದು ಬಹುಶಃ ಕಾರಣ. 1908ರಲ್ಲಿ ವಜ್ರ ಸಿಕ್ಕಿ ಬೆಳೆದು, 1956ರ ಹೊತ್ತಿಗೆ ಪೂರ್ತಿ ಬರಿದಾದ ಈ ಊರು ವಜ್ರಗಣಿಗಾಗಿ ನಿರ್ಬಂಧಿಸಿದ ಪ್ರದೇಶಕ್ಕೆ ಸೇರಿದ್ದರಿಂದ, ಸೂರ್ಯಾಸ್ತದವರೆಗೆ ಉಳಿಯಲು ಛಾಯಾಗ್ರಹಣದ ಪ್ರತ್ಯೇಕ ಪರವಾನಗಿ ಬೇಕು. ಅದನ್ನು ಹಿಂದಿನ ದಿನವೇ, ಸುಮಾರು 10 ಕಿ.ಮೀ. ದೂರದ ಲೂಡೆರಿಟ್ಸ್ ಪಟ್ಟಣದಲ್ಲಿ ಪಡೆದುಕೊಳ್ಳಿ. ದರವೂ ವೇಳೆಯೂ ಬದಲಾಗುತ್ತಿರುವುದರಿಂದ ಅಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ಬಿರುಸಾಗುತ್ತದೆ, ಆದ್ದರಿಂದ ಲೆನ್ಸ್ ಬದಲಾಯಿಸುವ ಕೆಲಸವನ್ನು ಕಾರಿನೊಳಗೇ ಮುಗಿಸಿ. ಬಾಗಿಲುಗಳು ಅರ್ಧ ಮರಳಿನಲ್ಲಿ ಹೂತಿರುವ, ಗೋಡೆಯ ಬಣ್ಣ ಸಿಪ್ಪೆಯೆದ್ದಿರುವ ಮನೆಗಳೇ ನಿಜಕ್ಕೂ ನೋಡಬೇಕಾದವು. ಮನೆಯೊಳಗಿನ ಮರಳಿನ ದಿಣ್ಣೆಯ ಮೇಲೆ ಒಮ್ಮೆ ಹೆಜ್ಜೆ ಮೂಡಿದರೆ ಚಿತ್ರ ಕೆಡುವುದರಿಂದ, ಮೊದಲು ಹೊಸ್ತಿಲಿನಿಂದಲೇ ಚಿತ್ರ ತೆಗೆದು ನಂತರ ಒಳಗೆ ಹೋಗಿ.