ಮೈಲೇಜ್ ಕಿಟ್ ಬಿಡಿ, ಮೊದಲು ಥರ್ಮೋಸ್ಟಾಟ್ ಇದೆಯಾ ನೋಡಿ

ನಿಮ್ಮದು 1998ರ ಜೀಪ್ ಚೆರೊಕಿ, ಆರು ಸಿಲಿಂಡರಿನ 4.0 ಲೀಟರ್ ಎಂಜಿನ್, ಮಿನ್ನೆಸೋಟದ ಚಳಿ, ಹಳೇ ಮಾಲೀಕ ಹಾಕಿಸಿದ 31 ಇಂಚಿನ ಟೈರು, ಗ್ಯಾಲನ್‌ಗೆ 13 ಮೈಲಿ. ಥ್ರಾಟಲ್ ಬಾಡಿ ಸ್ಪೇಸರ್, ಎಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ಎಳೆಯುವ ಕೋಲ್ಡ್ ಏರ್ ಇಂಟೇಕ್, ಇರಿಡಿಯಂ ಪ್ಲಗ್, ಮೈಲೇಜ್ ಏರಿಸುತ್ತವೆ ಅಂತ ಮಾರುವ ಇವುಗಳಲ್ಲಿ ಯಾವುದು ಹಾಕಿದರೆ 25 ಬರುತ್ತದೆ ಅಂತ ಕೇಳಿದ್ದೀರಿ. ಯಾವುದರಿಂದಲೂ ಬರುವುದಿಲ್ಲ. ಆದರೆ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀರಲ್ಲ, "ಹೀಟರ್ ಕೂಡ ಅಷ್ಟಕ್ಕಷ್ಟೇ" ಅಂತ, ಅದನ್ನು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ.

ನನ್ನದೂ ಇದೇ ಗಾಡಿ, 1997ರದ್ದು. ಕೆಲಸಕ್ಕೆ ಅಂತ ಮಿಶಿಗನ್‌ಗೆ ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಇದನ್ನು ತಯಾರಿಸುತ್ತಿದ್ದ ಟೊಲೀಡೊ ಊರು ಇಲ್ಲಿಂದ ಗಂಟೆ ದಾರಿ. ಹಾಗಾಗಿ ಈ ಕಡೆ ಬಿಡಿಭಾಗಕ್ಕೂ ಬರ ಇಲ್ಲ, ಬುದ್ಧಿ ಹೇಳುವವರಿಗೂ ಬರ ಇಲ್ಲ. ನಾನು ಮಾತ್ರ ಯಾರನ್ನೂ ಕೇಳಲಿಲ್ಲ.

ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಸಾಕು, ಟೆಂಪರೇಚರ್ ಸೂಜಿ ಕೆಂಪು ಗೆರೆ ಕಡೆ ಏರುತ್ತಿತ್ತು. ಹೈವೇ ಹತ್ತಿದರೆ ತಾನಾಗಿ ಇಳಿಯುತ್ತಿತ್ತು. ನಿಂತಾಗ ಬಿಸಿ, ಓಡುವಾಗ ಸರಿ ಅಂದರೆ ತೊಂದರೆ ಫ್ಯಾನಿನದ್ದು. ನನ್ನ ಗಾಡಿಯಲ್ಲಿ ಫ್ಯಾನ್ ಕ್ಲಚ್, ಅಂದರೆ ಬಿಸಿಯಾದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಭಾಗ, ಹೋಗಿತ್ತು. ಇದು ಈಗ ಗೊತ್ತು. ಆಗ ನನಗೆ ನೆನಪಾದದ್ದು ಹುಬ್ಬಳ್ಳಿಯಲ್ಲಿ ದೊಡ್ಡಪ್ಪನ ಅಂಬಾಸಿಡರ್ ಬಿಸಿಯಾದಾಗ ಗ್ಯಾರೇಜಿನ ಮಿಸ್ತ್ರಿ ಮಾಡಿದ ಕೆಲಸ. ಬಾನೆಟ್ ಎತ್ತಿ, ಎರಡು ನಟ್ ಬಿಚ್ಚಿ, ಒಳಗಿದ್ದ ಹಿತ್ತಾಳೆ ಬಣ್ಣದ ಬಿಲ್ಲೆಯಂಥದ್ದನ್ನು ಕಿತ್ತು ದೊಡ್ಡಪ್ಪನ ಕೈಗೆ ಕೊಟ್ಟಿದ್ದ. "ಇದು ಥಂಡಿ ದೇಶದ ಗಾಡಿಗೆ ಬೇಕ್ರೀ ಸಾಹೇಬ್ರ, ನಮಗ ಬ್ಯಾಡ" ಅಂದಿದ್ದ. ಆ ಬಿಲ್ಲೆಯೇ ಥರ್ಮೋಸ್ಟಾಟ್. ನಾನೂ ಒಂದು ಶನಿವಾರ ಪಾರ್ಕಿಂಗ್ ಜಾಗದಲ್ಲಿ ಎರಡು ಬೋಲ್ಟ್ ಬಿಚ್ಚಿ ಅದನ್ನು ಕಿತ್ತು ಕಸಕ್ಕೆ ಹಾಕಿದೆ. ಅವನು ಹೇಳಿದ ಆ ಥಂಡಿ ದೇಶದಲ್ಲೇ ನಿಂತಿದ್ದೇನೆ ಅನ್ನುವುದು ತಲೆಗೇ ಹೋಗಲಿಲ್ಲ.

ಈ ಒಂದು ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಥರ್ಮೋಸ್ಟಾಟ್ ಒಳಗೆ ಮೇಣ ತುಂಬಿದ ಪುಟ್ಟ ಕೊಳವೆ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಬಾಯಿ ಮುಚ್ಚಿರುತ್ತದೆ. ಆಗ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಈ 4.0 ಎಂಜಿನ್‌ಗೆ ಹೇಳಿದ ಥರ್ಮೋಸ್ಟಾಟ್ 195 ಡಿಗ್ರಿ ಫ್ಯಾರನ್‌ಹೀಟ್‌ನದ್ದು, ನಮ್ಮ ಲೆಕ್ಕದಲ್ಲಿ ಸುಮಾರು 90 ಸೆಲ್ಸಿಯಸ್. ಅಷ್ಟು ಬಿಸಿಯಾದಾಗ ಮೇಣ ಕರಗಿ ಉಬ್ಬುತ್ತದೆ, ಬಾಯಿ ತೆರೆಯುತ್ತದೆ. ಅದನ್ನು ಕಿತ್ತರೆ ಕೂಲೆಂಟ್ ಮೊದಲ ಕ್ಷಣದಿಂದಲೇ ರೇಡಿಯೇಟರ್ ಸುತ್ತುತ್ತಿರುತ್ತದೆ. ಹೊರಗೆ ಹಿಮ, ಎದುರು ಗಾಳಿ, ಮೇಲೆ ಹೈವೇ ವೇಗ. ಎಂಜಿನ್ ಬಿಸಿಯಾಗುವುದು ಎಲ್ಲಿಂದ?

ಅಂಬಾಸಿಡರ್‌ಗೆ ಇದರಿಂದ ಅಷ್ಟೇನೂ ಆಗಲಿಲ್ಲ. ಹುಬ್ಬಳ್ಳಿ ಬಿಸಿಲು, ಕಾರ್ಬ್ಯುರೇಟರ್ ಗಾಡಿ, ಎಂಜಿನ್ ಎಷ್ಟು ಬಿಸಿಯಿದೆ ಅಂತ ಕೇಳುವ ಕಂಪ್ಯೂಟರೇ ಅದರಲ್ಲಿಲ್ಲ. ಚೆರೊಕಿಯಲ್ಲಿ ಇದೆ. ಕೂಲೆಂಟ್ ಸೆನ್ಸರ್ "ಇನ್ನೂ ತಣ್ಣಗಿದೆ" ಅಂದರೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಚಿಮ್ಮಿಸುತ್ತದೆ. ತೀರಾ ತಣ್ಣಗಿದ್ದರೆ, ಹೊಗೆ ನೋಡಿ ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಅಂತ ಹೇಳುವ ಆಕ್ಸಿಜನ್ ಸೆನ್ಸರ್ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ. ಚೋಕ್ ಎಳೆದಿಟ್ಟು ಮರೆತು ಇಡೀ ಊರು ಸುತ್ತಿದ ಹಳೇ ಸ್ಕೂಟರ್ ಥರ. ನಾನು ಹಾಗೆ ಒಂದು ಇಡೀ ಚಳಿಗಾಲ ಓಡಿಸಿದೆ.

ಗಾಡಿ ತನ್ನ ಕಡೆಯಿಂದ ಎಲ್ಲಾ ಸುಳಿವೂ ಕೊಟ್ಟಿತ್ತು. ಸೂಜಿ ಎಡಗಡೆಯಿಂದ ಏಳುತ್ತಲೇ ಇರಲಿಲ್ಲ. "ಆಹಾ, ಎಷ್ಟು ತಣ್ಣಗಿದೆ ಎಂಜಿನ್" ಅಂತ ಖುಷಿಪಟ್ಟೆ. ಎಂಜಿನ್ ಬಿಸಿಯಿಂದಲೇ ನಡೆಯುವ ಹೀಟರ್‌ನಿಂದ ಉಗುರುಬೆಚ್ಚಗಿನ ಗಾಳಿ ಬರುತ್ತಿತ್ತು. ಹಳೇ ಗಾಡಿ ಅಲ್ವಾ ಅಂದುಕೊಂಡು ಇನ್ನೊಂದು ಸ್ವೆಟರ್ ಹಾಕಿಕೊಂಡೆ. ಚೆಕ್ ಎಂಜಿನ್ ಲೈಟ್ ಹತ್ತಿತು. ಬಿಡಿಭಾಗದ ಅಂಗಡಿಯಲ್ಲಿ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಪುಕ್ಕಟೆ ಓದಿ ಕೊಟ್ಟರು: ಎಂಜಿನ್ ತುಂಬಾ ಹೊತ್ತು ತಣ್ಣಗೇ ಇದೆ, ಅಂತ. ಹೌದಪ್ಪಾ, ಹೊರಗೆ ಮೊಣಕಾಲುದ್ದ ಹಿಮ, ತಣ್ಣಗಿರದೆ ಇನ್ನೇನು ಮಾಡುತ್ತದೆ ಅಂತ ನಗಾಡಿ ಕೋಡ್ ಅಳಿಸಿಸಿದೆ.

ಮೈಲೇಜ್ 12ಕ್ಕೆ ಇಳಿಯಿತು. ಅಂದರೆ ಲೀಟರ್‌ಗೆ 5 ಕಿಲೋಮೀಟರ್. ಶುರುವಾಯಿತು ನೋಡಿ ನನ್ನ ಖರೀದಿ. ಪ್ಲಗ್, ಪ್ಲಗ್ ವಯರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಎರಡೂ ಆಕ್ಸಿಜನ್ ಸೆನ್ಸರ್, ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಾಟಲಿ. ನೀವು ಕೇಳಿದ ಸ್ಪೇಸರ್ ಕೂಡ ಹಾಕಿಸಿದೆ. ಅದರಿಂದ ಬಂದದ್ದು ಒಂದು ಸಣ್ಣ ಸಿಳ್ಳೆ ಸದ್ದು ಮಾತ್ರ. ಎಲ್ಲಾ ಹೊಸದು, ಮೈಲೇಜ್ ಮಾತ್ರ ಅಷ್ಟೇ.

ಚಳಿ ಮುಗಿಯುವ ಹೊತ್ತಿಗೆ ಏರು ದಾರಿಯಲ್ಲಿ ಎಳೆಯುವ ಶಕ್ತಿಯೇ ಇಲ್ಲದಂತಾಯಿತು. ಮನೆ ಹತ್ತಿರದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದರು. ಪೆಟ್ರೋಲ್ ಬಂಕಿನ ವಾಸನೆ. ಹಳೇ ಎಂಜಿನ್‌ನಲ್ಲಿ ಆಯಿಲ್ ಇಳಿಯಬೇಕು, ನನ್ನದರಲ್ಲಿ ಫುಲ್ ಗೆರೆ ದಾಟಿ ಮೇಲೆ ಬಂದಿತ್ತು. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗೆ ಇಳಿದಿತ್ತು. ಆಮೇಲೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ, ರೇಡಿಯೇಟರ್‌ನ ಮೇಲಿನ ಹೋಸ್ ಮೇಲೆ ಕೈ ಇಟ್ಟು ನಿಂತರು. ಎರಡು ನಿಮಿಷಕ್ಕೇ "ನಿನ್ನ ಥರ್ಮೋಸ್ಟಾಟ್ ಯಾರು ಕದ್ದರು?" ಅಂದರು. ಹುಬ್ಬಳ್ಳಿ ಕಥೆ ಹೇಳುವ ಧೈರ್ಯ ಬರಲಿಲ್ಲ. ಹಳೇ ಮಾಲೀಕನ ಮೇಲೆ ಹಾಕಿದೆ.

ಹೊಸ ಥರ್ಮೋಸ್ಟಾಟ್ ಮತ್ತು ಗ್ಯಾಸ್ಕೆಟ್‌ಗೆ ಆದ ಖರ್ಚು ಒಂದು ಊಟದ ದುಡ್ಡು. ಆದರೆ ಅಷ್ಟು ದಿನ ಹಸಿ ಪೆಟ್ರೋಲ್ ಕುಡಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿತ್ತು. ಗಾಡಿ ಎಳೆಯದೇ ಇದ್ದದ್ದು ಅದಕ್ಕೇ. ಅದಕ್ಕೆ ಮಾತ್ರ ಕೈ ಸುಟ್ಟುಕೊಂಡೆ. ಫ್ಯಾನ್ ಕ್ಲಚ್ ಕೂಡ ಆಗಲೇ ಬದಲಾಯಿತು. ಮೈಲೇಜ್ 16, 17ಕ್ಕೆ ಬಂತು.

ಈಗ ನಿಮ್ಮ ಗಾಡಿಗೆ ಬರೋಣ. 25 ಅನ್ನುವ ಲೆಕ್ಕ ಬಿಟ್ಟುಬಿಡಿ. ಈ ಗಾಡಿ ಶೋರೂಮಿನಿಂದ ಹೊರಬಂದಾಗಲೇ ಊರೊಳಗೆ 15ರ ಆಸುಪಾಸು, ಹೈವೇಯಲ್ಲಿ 20ರ ಆಸುಪಾಸು. ಹಳೇ ಆರು ಸಿಲಿಂಡರ್ ಗಾಡಿಗೆ ಏನೋ ಹಾಕಿ ಮೈಲೇಜ್ ಗಿಟ್ಟಿಸುವ ಯೋಚನೆಯೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಕಳೆದುಹೋದದ್ದು ಎಲ್ಲಿ ಅಂತ ಹುಡುಕಬೇಕು ಅಷ್ಟೇ.

ನಿಮ್ಮದರಲ್ಲಿ ಸ್ವಲ್ಪ ಕಳೆದುಹೋಗಿಯೇ ಇಲ್ಲ, ಲೆಕ್ಕ ತಪ್ಪಿದೆ. ಕಂಪನಿ ಟೈರ್ 225/75ಆರ್15 ಸೈಜಿನದ್ದಾಗಿದ್ದರೆ ಅದರ ಎತ್ತರ 28 ಇಂಚು ಚಿಲ್ಲರೆ. ನಿಮ್ಮದು 31. ಚಕ್ರ ದೊಡ್ಡದಾದಷ್ಟು ಕಡಿಮೆ ಸುತ್ತು ಸುತ್ತುತ್ತದೆ, ಓಡೋಮೀಟರ್ ಕಡಿಮೆ ಮೈಲಿ ತೋರಿಸುತ್ತದೆ. ಅದು 100 ಅಂದಾಗ ನೀವು ನಿಜವಾಗಿ 108, 109 ಮೈಲಿ ಹೋಗಿರುತ್ತೀರಿ. ಹಾಗಾಗಿ ನಿಮ್ಮ 13 ಅನ್ನುವುದು ನಿಜಕ್ಕೂ 14. ಫೋನಿನ ಜಿಪಿಎಸ್ ಇಟ್ಟು ತಾಳೆ ನೋಡಿ. ಸ್ಪೀಡೋಮೀಟರ್‌ಗೆ ಸುದ್ದಿ ಕೊಡುವ ಪುಟ್ಟ ಪ್ಲಾಸ್ಟಿಕ್ ಗೇರ್ ಇದೆ, ಟೈರಿಗೆ ತಕ್ಕ ಹಲ್ಲಿನದ್ದು ಸಿಗುತ್ತದೆ. ಹಾಗಂತ ಆ ಟೈರ್ ಒಳ್ಳೇದು ಅಂತಲ್ಲ. ಭಾರ ಜಾಸ್ತಿ, ಗಾಳಿಗೆ ಅಡ್ಡ ಜಾಸ್ತಿ. ನಾನಾಗಿದ್ದರೆ ಸವೆದ ಮೇಲೆ ಕಂಪನಿ ಸೈಜಿಗೇ ಮರಳುತ್ತಿದ್ದೆ.

ಇನ್ನು ಥರ್ಮೋಸ್ಟಾಟ್. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮುಟ್ಟಿ, ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇರಲಿ. ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಸುಡುವಷ್ಟು ಬಿಸಿಯಾದರೆ ಸರಿಯಿದೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ಬಾಯಿ ತೆರೆದೇ ಸಿಕ್ಕಿಹಾಕಿಕೊಂಡಿದೆ, ಇಲ್ಲಾ ನನ್ನಂಥವನೊಬ್ಬ ಕಿತ್ತು ಹಾಕಿದ್ದಾನೆ. ಓಡಿದ ಮೇಲೆ ಸೂಜಿ 210ರ ಹತ್ತಿರ ನಿಲ್ಲಬೇಕು. ಹಾಕುವಾಗ 195ರದ್ದನ್ನೇ ಹಾಕಿ. 160, 180ರದ್ದು "ಪರ್ಫಾರ್ಮೆನ್ಸ್" ಅಂತ ಮಾರುತ್ತಾರೆ, ಬೇಡ.

ಅದು ಸರಿಯಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಂದ ಹೊಗೆ ಹೊರತರುವ ಕೊಳವೆ, ನೋಡಿ. ಈ ಎಂಜಿನ್‌ನಲ್ಲಿ ಅದು ಬಿರುಕು ಬಿಡುವುದು ಮಾಮೂಲಿ. ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು, ಬಿಸಿಯಾದಂತೆ ಕಡಿಮೆ. ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಆಕ್ಸಿಜನ್ ಸೆನ್ಸರ್ ಮೋಸ ಹೋಗಿ ಪೆಟ್ರೋಲ್ ಸಾಲದು ಅನ್ನುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಅಲ್ಲಿ ಹೊಸ ಸೆನ್ಸರ್ ಹಾಕಿದರೂ ಅದೇ ಕಥೆ. ಸೆನ್ಸರೇ ಕೆಟ್ಟಿದ್ದರೆ ಬೇರೆ ಮಾತು. ಅಂಥ ದೊಡ್ಡ ದೋಷ ಸರಿಪಡಿಸಿದರೆ ಮೈಲೇಜ್ 40 ಶೇಕಡದವರೆಗೂ ಸುಧಾರಿಸಬಹುದು ಅಂತ ಅಮೆರಿಕ ಸರ್ಕಾರದ ಇಂಧನ ಇಲಾಖೆಯೇ ಹೇಳುತ್ತದೆ. ಅದೇ ಇಲಾಖೆ ಇನ್ನೊಂದು ಮಾತೂ ಹೇಳುತ್ತದೆ: ಫ್ಯೂಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುವುದಿಲ್ಲ. ಕೋಲ್ಡ್ ಏರ್ ಇಂಟೇಕ್ ಮಾರುವವರು ಇದನ್ನು ಹೇಳುವುದಿಲ್ಲ ಬಿಡಿ. 1996ರ ನಂತರದ ಗಾಡಿಯಾದ್ದರಿಂದ ಗಾಡಿಯ ಕಂಪ್ಯೂಟರ್ ಓದುವ ಅಗ್ಗದ ಒಬಿಡಿ ರೀಡರ್ ಒಂದು ತಗೊಳ್ಳಿ, ಫೋನಿಗೆ ಜೋಡಿಸುವಂಥದ್ದು. ಕೂಲೆಂಟ್ ಎಷ್ಟು ಡಿಗ್ರಿ, ಕಂಪ್ಯೂಟರ್ ಪೆಟ್ರೋಲ್ ಕೂಡಿಸುತ್ತಿದೆಯಾ ಕಳೆಯುತ್ತಿದೆಯಾ, ಎಲ್ಲಾ ಫೋನಿನಲ್ಲೇ ಕಾಣುತ್ತದೆ.

ಪ್ಲಗ್ ಸಾದಾ ತಾಮ್ರದ್ದೇ ಸಾಕು. ಪ್ರೀಮಿಯಂ ಪೆಟ್ರೋಲ್ ದಂಡ, ಈ ಎಂಜಿನ್‌ನ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಒತ್ತುವ ಪ್ರಮಾಣ, ಬರೀ 8.8, ಅದಕ್ಕೆ ಸಾದಾ 87 ಆಕ್ಟೇನ್ ಪೆಟ್ರೋಲ್ ಧಾರಾಳ. ಟೈರ್ ಗಾಳಿ ಚಳಿಗೆ ಇಳಿಯುತ್ತದೆ, ಆಗಾಗ ನೋಡಿ. ಮೇಲಿನ ಖಾಲಿ ಕ್ಯಾರಿಯರ್ ಬಿಚ್ಚಿ ಮನೆಯಲ್ಲಿಡಿ. ಪೆಟ್ಟಿಗೆ ಆಕಾರದ ಗಾಡಿ ಇದು, 75ರಲ್ಲಿ ಓಡಿಸುವುದನ್ನು 65ಕ್ಕೆ ಇಳಿಸಿದರೆ ಯಾವ ಕಿಟ್ಟೂ ಕೊಡದಷ್ಟು ಉಳಿಯುತ್ತದೆ.

ಮಿನ್ನೆಸೋಟದಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿಟ್ಟು ಒಳಗೆ ಕಾಫಿ ಕುಡಿಯುವ ಅಭ್ಯಾಸ ನಿಮಗೂ ಇರಬಹುದು. ಸುಮ್ಮನೆ ನಿಂತ ಎಂಜಿನ್ ಗಂಟೆಗೆ ಕಾಲು ಗ್ಯಾಲನ್‌ನಿಂದ ಅರ್ಧ ಗ್ಯಾಲನ್ ಕುಡಿಯುತ್ತದೆ, ನಿಮ್ಮ ಮೈಲಿ ಸೊನ್ನೆ. ಗ್ಲಾಸಿನ ಹಿಮ ಕೆರೆದು, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಡಿ. ನಿಂತ ಎಂಜಿನನ್ನು ಕರೆಂಟಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್ ಇದ್ದರೆ ಟೈಮರ್ ಹಾಕಿ, ಹೊರಡುವ ಎರಡು ಗಂಟೆ ಮುಂಚೆ ಹತ್ತಿದರೆ ಸಾಕು, ರಾತ್ರಿಯಿಡೀ ಬೇಡ.

ಇದನ್ನು ಮಾರಿ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ದಿನಾ ದೂರದ ಆಫೀಸಿಗೆ ಇದರಲ್ಲೇ ಹೋಗುವುದಾದರೆ ಮಾರಿ, ಎಷ್ಟು ರಿಪೇರಿ ಮಾಡಿದರೂ ಇದು ಪ್ರಿಯಸ್ ಆಗುವುದಿಲ್ಲ. ಹತ್ತಿರದ ಓಡಾಟ, ಹಿಮದ ದಿನ ಅಂತ ಇಟ್ಟುಕೊಂಡಿದ್ದರೆ ಇಟ್ಟುಕೊಳ್ಳಿ. 13ರಿಂದ 17ಕ್ಕೆ ಬಂದರೂ ನೂರು ಮೈಲಿಗೆ ಹತ್ತಿರ ಹತ್ತಿರ ಎರಡು ಗ್ಯಾಲನ್ ಉಳಿಯುತ್ತದೆ. ಮಾರುವುದೇ ಆದರೂ ಮೊದಲು ಥರ್ಮೋಸ್ಟಾಟ್ ಹಾಕಿಸಿ. ಹೀಟರ್ ಬಿಸಿ ಬರದ ಗಾಡಿಗೆ ಮಿನ್ನೆಸೋಟದಲ್ಲಿ ಯಾರೂ ಒಳ್ಳೇ ರೇಟು ಕೊಡುವುದಿಲ್ಲ.