ಇಬ್ಬರು ಆಡುವ ಆರ್ಕೇಡ್ ಕ್ಯಾಬಿನೆಟ್‌ಗೆ ಯಾವ ಕೀಬೋರ್ಡ್ ಎನ್‌ಕೋಡರ್ ಒಳ್ಳೆಯದು?

ಬಟನ್ ಒತ್ತಿದ್ದನ್ನು ಕಂಪ್ಯೂಟರಿಗೆ ಕೀಲಿ ಒತ್ತಿದಂತೆ ತಲುಪಿಸುವ ಬೋರ್ಡೇ ಕೀಬೋರ್ಡ್ ಎನ್‌ಕೋಡರ್. ತಲಾ ಒಂದು ಜಾಯ್‌ಸ್ಟಿಕ್ ಮತ್ತು ಆರು ಬಟನ್‌ಗಳಿರುವ ಕ್ಯಾಬಿನೆಟ್‌ಗೆ ಹಳೆಯ ಕೀಬೋರ್ಡ್ ಬಿಚ್ಚಿ ಅದರ ಬೋರ್ಡ್ ಬಳಸಬಹುದೇ, ಇದಕ್ಕೆಂದೇ ಸಿಗುವ ಐ-ಪ್ಯಾಕ್ 2 ಎನ್‌ಕೋಡರ್ ಕೊಳ್ಳಬೇಕೇ, ಅಥವಾ ನಾವೇ ಪ್ರೋಗ್ರಾಂ ಬರೆದು ಬಳಸುವ ಅಗ್ಗದ ಆರ್ಡುಯಿನೋ ಬೋರ್ಡ್ ಸಾಕೇ ಎಂದು ಕೇಳಿದ್ದೀರಿ. ಮೊದಲನೆಯದನ್ನು ಕೈಬಿಡಿ, ನಾನು ಮಾಡಿ ಕೆಟ್ಟಿದ್ದೇನೆ.

ಸಾಮಾನ್ಯ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ತಂತಿ ಇರುವುದಿಲ್ಲ, ಅಡ್ಡಸಾಲು ಮತ್ತು ಕಂಬಸಾಲುಗಳ ಮ್ಯಾಟ್ರಿಕ್ಸ್ ಇರುತ್ತದೆ. ಅದರಲ್ಲಿ ಒಂದು ಚೌಕದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣುವುದರಿಂದ, ಅನೇಕ ಕೀಬೋರ್ಡುಗಳು ಮೂರನೆಯ ಒತ್ತನ್ನೇ ನುಂಗಿಬಿಡುತ್ತವೆ. ನನ್ನ ತಮ್ಮ ತನ್ನ ಕೋಲನ್ನು ಓರೆಯಾಗಿ ಒತ್ತಿ ಹಿಡಿದಾಗಲೆಲ್ಲ ನನ್ನ ಗುದ್ದು ಬೀಳುತ್ತಲೇ ಇರಲಿಲ್ಲ. ಅವನು ಚೆನ್ನಾಗಿ ಆಡುತ್ತಾನೆಂದೇ ಬಹುಕಾಲ ನಂಬಿದ್ದೆ.

ಐ-ಪ್ಯಾಕ್ 2ರಲ್ಲಿ ಪ್ರತಿ ಸ್ವಿಚ್ಚಿಗೂ ತನ್ನದೇ ಇನ್‌ಪುಟ್ ಇರುತ್ತದೆ, ಗ್ರೌಂಡ್ ತಂತಿ ಮಾತ್ರ ಎಲ್ಲಕ್ಕೂ ಒಂದೇ. ನಿಮಗೆ ಕೋಲುಗಳಿಗೆ 8, ಬಟನ್‌ಗಳಿಗೆ 12, ಸ್ಟಾರ್ಟ್ ಮತ್ತು ಕಾಯಿನ್‌ಗೆ 4, ಒಟ್ಟು 24 ಇನ್‌ಪುಟ್ ಬೇಕು. ಅದರಲ್ಲಿ 32 ಇವೆ. ಅಗ್ಗದ ಆರ್ಡುಯಿನೋ ಬಗೆಯ ಬೋರ್ಡಾದ ಪ್ರೊ ಮೈಕ್ರೋದಲ್ಲಿ ಸಿಗುವುದು 18 ಪಿನ್ ಮಾತ್ರ. ಇದಲ್ಲದೆ ಆರ್ಡುಯಿನೋದ ಸಾಮಾನ್ಯ ಕೀಬೋರ್ಡ್ ಲೈಬ್ರರಿ (ಸಿದ್ಧ ಕೋಡ್) ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳನ್ನು ಬಿಟ್ಟು ಒಮ್ಮೆಗೆ ಆರು ಕೀಲಿಗಳನ್ನಷ್ಟೇ ಕಳುಹಿಸುತ್ತದೆ. ಓರೆಗೆ ಹಿಡಿದ ಕೋಲು ಎರಡು ಕೀಲಿ ಒತ್ತುತ್ತದೆ, ಇಬ್ಬರೂ ಹಾಗೆ ಹಿಡಿದರೆ ಅಲ್ಲೇ ನಾಲ್ಕು ಮುಗಿದವು. ಒಬ್ಬರೇ ಆಡುವ ಚಿಕ್ಕ ಪೆಟ್ಟಿಗೆಗಾದರೆ ಅದನ್ನೇ ಧಾರಾಳವಾಗಿ ಹೇಳುತ್ತಿದ್ದೆ.

ಯಾವ ಇನ್‌ಪುಟ್ ಯಾವ ಕೀಲಿಯನ್ನು ಕಳುಹಿಸಬೇಕೆಂದು ಬದಲಿಸುವ ಸೌಲಭ್ಯ ಏಕೆ ಬೇಕೆಂಬುದು ಮೊದಲ ದಿನವೇ ತಿಳಿಯುತ್ತದೆ. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ ಮೇಮ್‌ನಲ್ಲಿ ಮೊದಲ ಆಟಗಾರನ ನಾಲ್ಕನೆಯ ಬಟನ್ ಎಂದರೆ ಎಡ ಶಿಫ್ಟ್. ವಿಂಡೋಸ್‌ನಲ್ಲಿ ಶಿಫ್ಟನ್ನು ಸತತ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟ್‌ನಂಥ ಕೀಲಿಗಳನ್ನು ಒತ್ತಿ ಹಿಡಿಯದೆಯೇ ಬಳಸಲು ಬಿಡುವ ಸೌಲಭ್ಯ) ಬೇಕೇ ಎಂಬ ಪ್ರಶ್ನೆ ಆಟದ ನಡುವೆಯೇ ಎದ್ದು ನಿಲ್ಲುತ್ತದೆ. ಆ ಇನ್‌ಪುಟ್‌ಗೆ ಬೇರೆ ಅಕ್ಷರ ಕೊಟ್ಟು ಮೇಮ್‌ನಲ್ಲೂ ಅದನ್ನೇ ಹೊಂದಿಸಿ, ಇಲ್ಲವೇ ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಆರಿಸಿಬಿಡಿ. ಬೇರೆ ಯಾವುದೇ ಬೋರ್ಡ್ ಕೊಳ್ಳುವುದಾದರೂ, ಕರೆಂಟ್ ತೆಗೆದ ಮೇಲೆಯೂ ಈ ಹೊಂದಿಕೆ ಅದರಲ್ಲೇ ಉಳಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಸ್ಟಾರ್ಟ್ ಬಟನ್ ಹಿಡಿದುಕೊಂಡು ಇನ್ನೊಂದನ್ನು ಒತ್ತಿದರೆ ಎಸ್ಕೇಪ್ ಕಳುಹಿಸುವ ಶಿಫ್ಟ್ ಸೌಲಭ್ಯ ಐ-ಪ್ಯಾಕ್‌ನಲ್ಲಿರುವುದರಿಂದ, ಆಟ ಮುಗಿಸಲು ಹಲಗೆಯಲ್ಲಿ ಇನ್ನೊಂದು ತೂತು ಕೊರೆಯಬೇಕಾಗಿಲ್ಲ.

ತಂತಿ ಜೋಡಿಸುವಾಗ ಮೈಕ್ರೋಸ್ವಿಚ್ಚಿನ ಕಾಮನ್ ಮತ್ತು ಎನ್‌ಓ (ಒತ್ತಿದಾಗ ಮಾತ್ರ ಕಾಮನ್‌ಗೆ ಕೂಡುವ) ಕಾಲುಗಳನ್ನೇ ಹಿಡಿಯಿರಿ. ತಂತಿಯ ತುದಿಗೆ ಅದುಮಿ ಕೂರಿಸುವ ಕ್ರಿಂಪ್ ಟರ್ಮಿನಲ್ ತರುವ ಮೊದಲು ಕಾಲಿನ ಅಗಲ ಅಳೆಯಿರಿ: ಬಟನ್‌ಗಳಲ್ಲಿ 4.8 ಮಿ.ಮೀ. ಇದ್ದಂತೆ 2.8 ಮಿ.ಮೀ. ಕಾಲಿನವೂ ಇವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.