ಸಂಪಾದಕರ ಉತ್ತರ: ಬಿರುಸಿನ ಪ್ರಶ್ನೆ, ಒರಟು ಮಾತು

ಮಾನ್ಯರೇ,

ಶಿರಸಿ ತಾಲ್ಲೂಕಿನ ನಿಮ್ಮೂರ ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಬಗ್ಗೆ ಕೇಳಿದ ಹೆಣ್ಣುಮಗಳೊಬ್ಬಳನ್ನು ಸದಸ್ಯರೊಬ್ಬರು ‘ನಿಂಗೆಂತ ಗೊತ್ತು, ಸುಮ್ನೆ ಕೂತ್ಕೋ’ ಎಂದು ಗದರಿದ್ದನ್ನೂ, ಹಿಂದೆ ಕುಳಿತವರು ನಕ್ಕಿದ್ದನ್ನೂ ವಿವರವಾಗಿ ಬರೆದಿದ್ದೀರಿ. ಹಿರಿಯರ ಕಾಲದ ಸಭ್ಯತೆ ಹೋಯಿತೆಂದೂ, ಇನ್ನು ಮುಂದೆ ಸಭೆಯಲ್ಲಿ ಬರೆದುಕೊಟ್ಟ ಪ್ರಶ್ನೆಗಳಿಗಷ್ಟೇ ಅವಕಾಶವಿರಬೇಕೆಂದೂ ನಿಮ್ಮ ಅಭಿಪ್ರಾಯ. ನಿಮ್ಮ ನೋವು ನ್ಯಾಯವಾದದ್ದು. ಪರಿಹಾರವನ್ನು ಮಾತ್ರ ಒಪ್ಪಲಾರೆ.

ಹಿರಿಯರ ಕಾಲದಲ್ಲಿ ಊರ ಪಂಚಾಯ್ತಿಕೆ ನಡೆಯುವಾಗ ಜಗಲಿಯ ಮೇಲೆ ಕುಳಿತವರು ಮಾತನಾಡುತ್ತಿದ್ದರು, ಅಂಗಳದಲ್ಲಿ ನಿಂತವರು ಕೇಳಿಸಿಕೊಳ್ಳುತ್ತಿದ್ದರು, ಹೆಂಗಸರು ಒಳಗಿರುತ್ತಿದ್ದರು. ಗದ್ದಲವಿರಲಿಲ್ಲ, ನಿಜ, ಆದರೆ ಒಡೆಯನೆದುರು ಗೇಣಿದಾರ ದನಿಯೆತ್ತದೆ ಇದ್ದದ್ದನ್ನು ಸಭ್ಯತೆಯ ಲೆಕ್ಕಕ್ಕೆ ಹಿಡಿಯುವುದು ಕಷ್ಟ. 1974ರ ಭೂಸುಧಾರಣಾ ತಿದ್ದುಪಡಿ ಆ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಿತು; 1993ರ ಪಂಚಾಯತ್ ರಾಜ್ ಕಾಯ್ದೆ ಹೆಂಗಸರಿಗೆ ಮೂರರಲ್ಲೊಂದು ಸ್ಥಾನ ಮೀಸಲಿಟ್ಟಿತು, ಈಗ ಅದು ಅರ್ಧಕ್ಕೇರಿದೆ. ಹಾಗೆ ಎದ್ದು ನಿಂತವರಿಗೆ ಮಾತನ್ನು ಕಾಗದಕ್ಕಿಳಿಸಿ ತನ್ನಿರೆಂದರೆ, ಬರೆಯಲು ಬಾರದವರು ಮತ್ತೆ ಅಂಗಳಕ್ಕೇ ಹೋಗಬೇಕಾದೀತು.

ಬಿರುಸಾಗಿ ಕೇಳುವುದು ಬೇರೆ, ಒರಟಾಗಿ ನಡೆದುಕೊಳ್ಳುವುದು ಬೇರೆ. ನಮ್ಮ ಸೀಮೆಯಲ್ಲಿ ತಾಳಮದ್ದಲೆ (ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನೇ ಬಿಡದೆ ಕೇಳುತ್ತಾನೆ. ರಾಮನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳುವವರು ವಾಲಿಯ ಮಾತು ಮುಗಿಯುವ ತನಕ ಕಾಯಬೇಕು, ಅವನೆತ್ತಿದ ಆಕ್ಷೇಪಕ್ಕೇ ಉತ್ತರ ಕೊಡಬೇಕು. ಉತ್ತರ ಹೊಳೆಯದೆ ಎದುರು ಕುಳಿತ ಕಲಾವಿದರ ಮನೆತನಕ್ಕೋ ಕಸುಬಿಗೋ ಕೈಹಾಕಿದರೆ ಅವರು ಸೋತರೆಂದೇ ತಿಳಿದವರ ಲೆಕ್ಕ. (ಅಂಥ ಕುಟುಕಿಗೂ ಚಪ್ಪಾಳೆ ತಟ್ಟುವವರಿದ್ದಾರೆ, ನಿಮ್ಮ ಸಭೆಯಲ್ಲಿ ನಕ್ಕವರು ಅವರ ನೆಂಟರೇ ಇರಬೇಕು.)

ಗದರಿಕೆಯ ಬೆನ್ನಿಗೇ ಸಭೆ ರಸ್ತೆಯ ವಿಷಯಕ್ಕೆ ಹೊರಳಿತು, ನೀರಿನ ಪ್ರಶ್ನೆ ಹಾಗೇ ಉಳಿಯಿತು ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಗದರಿದವರಿಗೆ ಬೇಕಾಗಿದ್ದದ್ದೂ ಅದೇ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮುಂದಿನ ಸಲ ಆಕೆಯೇ ಮತ್ತೆ ಕೇಳಲಿ. ನೀವು ಪಕ್ಕದಲ್ಲಿ ನಿಂತು, ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ಓದಿ ಹೇಳಿದ ಮೇಲೆಯೇ ಮುಂದಿನ ವಿಷಯ ಎತ್ತಿಕೊಳ್ಳಿರೆಂದು ಅಧ್ಯಕ್ಷರನ್ನು ಒತ್ತಾಯಿಸಿ. ಕ್ಷಮೆ ಕೇಳಿಸುವ ಹಠ ಸದ್ಯಕ್ಕೆ ಬೇಡ. ಆ ಜಗಳದಲ್ಲಿ ನಲ್ಲಿ ನೀರಿನ ಮಾತು ಎರಡನೆಯ ಸಲವೂ ಹಿಂದೆ ಬಿದ್ದೀತು.

– ಸಂ.